ಮರದ ನೆರಳಲ್ಲೇ ಗಟ್ಟಿಯಾದ ರೆಸಿನ್: ಚಿಕ್ಕಮಗಳೂರಿನ ಒಂದು ಫ್ರಂಟ್ ಗ್ಲಾಸ್ ರಿಪೇರಿ ಪ್ರಕರಣ

ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದ ಕಣ. ಮಾರ್ಚ್ ತಿಂಗಳು, ಬೆಳಗ್ಗೆ ಹನ್ನೊಂದರ ಹೊತ್ತು. ತೋಟದ ಬಿಳಿ ಬೊಲೆರೊ ಗಾಡಿಯ ಮುಂದಿನ ಗಾಜಿನ ಸೀಳು ತುಂಬಲು ಹಾಕಿದ ರೆಸಿನ್ ಎಂಬ ಅಂಟುದ್ರವ ಕೆಲಸದ ನಡುವೆಯೇ ಗಟ್ಟಿಯಾಯಿತು. ಗಾಜಿನ ಮೇಲೆ ನೇರ ಬಿಸಿಲು ಬಿದ್ದಿರಲಿಲ್ಲ. ಮೇಲೆ ಸಿಲ್ವರ್ ಓಕ್ ಮರಗಳಿದ್ದವು, ಅವುಗಳ ಕೆಳಗೆ ಟಾರ್ಪಾಲನ್ನೂ ಕಟ್ಟಿದ್ದರು. ಆದರೂ ಸುಮಾರು ಹನ್ನೆರಡು ನಿಮಿಷಕ್ಕೆ ರೆಸಿನ್ ಒಳಗೆ ತಳ್ಳುವ ಇಂಜೆಕ್ಟರ್ ಬಿಗಿಯಿತು; ನಾಲ್ಕು ಸೀಳುಗಳಲ್ಲಿ ಎರಡರೊಳಗೆ ಗಾಳಿ ಹಾಗೇ ಉಳಿಯಿತು. ಅದೇ ದಿನ ಸಂಜೆ, ಅದೇ ಕಣದಲ್ಲಿ, ಅದೇ ಬಾಟಲಿಯ ರೆಸಿನ್ ಬಳಸಿ ಮತ್ತೆ ಮಾಡಿದಾಗ ಸೀಳು ತುಂಬಿತು. ಆ ಎರಡು ಪ್ರಯತ್ನಗಳ ನಡುವೆ ಏನೇನು ಬದಲಾಯಿತು, ಯಾಕೆ ಬದಲಾಯಿಸಬೇಕಾಯಿತು ಎಂಬುದರ ವಿವರ ಇದು.

ಏಟು ಎಂಥದ್ದು

ಕಡೂರು ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರಿನಿಂದ ಜಲ್ಲಿಕಲ್ಲು ಹಾರಿ ಬಡಿದದ್ದು. ಹೊರಮೈಯಲ್ಲಿ 3 ಮಿ.ಮೀ. ಅಗಲದ ಕುಳಿ, ಅದರ ಸುತ್ತ 9 ಮಿ.ಮೀ.ಯಷ್ಟು ದುಂಡನೆಯ ಒಡಕು, ಅದರಿಂದ ನಾಲ್ಕು ದಿಕ್ಕಿಗೆ ಹೊರಟ ಸೀಳುಗಳು. ಎಲ್ಲಕ್ಕಿಂತ ಉದ್ದದ ಸೀಳು 22 ಮಿ.ಮೀ. ಏಟು ಬಿದ್ದದ್ದು ಡ್ರೈವರ್ ಕಣ್ಣೆದುರಿಗಲ್ಲ, ಎಡಭಾಗದಲ್ಲಿ. ಗಾಜಿನ ಅಂಚಿನಿಂದ 18 ಸೆಂ.ಮೀ. ಒಳಗೆ. ಒಳಗಿನಿಂದ ಉಗುರಾಡಿಸಿದರೆ ನುಣುಪಾಗಿಯೇ ಇತ್ತು. ಅಂದರೆ ಒಡೆದದ್ದು ಹೊರಗಿನ ಪದರ ಮಾತ್ರ.

ಮುಂದಿನ ಗಾಜು ಒಂದೇ ತುಂಡಲ್ಲ. 2 ಮಿ.ಮೀ.ಗೆ ಸ್ವಲ್ಪ ಮೇಲೆ ದಪ್ಪವಿರುವ ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆಯನ್ನು, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪದ್ದನ್ನು, ಕೂಡಿಸಿ ಮಾಡಿದ್ದು. ಕಲ್ಲೇಟಿಗೆ ಹೊರಗಾಜು ಸೀಳುತ್ತದೆ, ಹಾಳೆ ತಡೆಯುತ್ತದೆ. ರಿಪೇರಿ ಅಂದರೆ ಆ ಸೀಳಿನೊಳಗಿನ ಗಾಳಿ ಹೊರತೆಗೆದು, ಗಾಜಿನಷ್ಟೇ ಬೆಳಕು ಬಾಗಿಸುವ ರೆಸಿನ್ ತುಂಬಿ ಗಟ್ಟಿ ಮಾಡುವುದು. ವಾಹನದ ಗಾಜು ರಿಪೇರಿಗೆಂದೇ ಇರುವ ಅಮೆರಿಕದ ರೋಲಾಗ್ಸ್ ಮಾನದಂಡದ ಪ್ರಕಾರ ದುಂಡನೆಯ ಒಡಕು 25 ಮಿ.ಮೀ., ನಕ್ಷತ್ರದ ಹಾಗೆ ಸೀಳಿದ್ದು 75 ಮಿ.ಮೀ., ಎರಡೂ ಬೆರೆತದ್ದು ಸೀಳು ಬಿಟ್ಟು 50 ಮಿ.ಮೀ. ಇರುವ ತನಕ ರಿಪೇರಿ ಮಾಡಬಹುದು. ಬೊಲೆರೊದ ಏಟು ಇದರೊಳಗೆ ಆರಾಮವಾಗಿ ಬರುತ್ತಿತ್ತು. ಗಾಜು ಬದಲಿಸುವ ಮಾತೇ ಇರಲಿಲ್ಲ.

ಒಂದು ತೊಡಕಿತ್ತು. ಹಿಂದಿನ ಸಂಜೆ ಹೂಮಳೆ ಬಿದ್ದಿತ್ತು. ಡ್ರೈವರ್ ಏಟು ಬಿದ್ದ ದಿನವೇ ಮೇಲೆ ಸೆಲ್ಲೋಟೇಪ್ ಅಂಟಿಸಿದ್ದರಿಂದ ಕೊಳೆ ಸೇರಿರಲಿಲ್ಲ. ಆದರೆ ಟೇಪಿನ ಒಂದು ಮೂಲೆ ಎದ್ದು ಸ್ವಲ್ಪ ತೇವ ಒಳಗೆ ಹೋಗಿತ್ತು. ತೇವ ಇರುವ ಸೀಳಿಗೆ ರೆಸಿನ್ ಹಾಕಿದರೆ ಹಾಲುಬಿಳುಪು ಕಟ್ಟುತ್ತದೆ. ಹಾಗಾಗಿ ಕುಳಿಯಲ್ಲಿನ ಸಡಿಲ ಗಾಜಿನ ಪುಡಿಯನ್ನು ಸೂಜಿಮೊನೆಯಿಂದ ಕೆದಕಿ ತೆಗೆದು, ಹೀಟರ್ ದೂರ ಹಿಡಿದು ಸುತ್ತಲಿನ ಗಾಜನ್ನು ಬೆಚ್ಚಗೆ ಮಾಡಿ ತೇವ ಆರಿಸಲಾಯಿತು. ಇಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ ಈ ಬಿಸಿ, ಅದಕ್ಕೆ ಮೊದಲು ಗಾಡಿ ಬಿಸಿಲಲ್ಲಿ ನಿಂತಿದ್ದ ಬಿಸಿ, ಎರಡೂ ಸೇರಿ ಇಂಜೆಕ್ಟರ್ ಕೂರಿಸುವಾಗ ಗಾಜಿನ ಮೈ 43 ಡಿಗ್ರಿ ತೋರಿಸುತ್ತಿತ್ತು.

ಮೊದಲ ಪ್ರಯತ್ನ

ಗಾಡಿಯ ಮೂತಿ ಪಶ್ಚಿಮಕ್ಕೆ, ಕಣದ ಕಡೆಗೆ. ಸೂರ್ಯ ಹಿಂದೆ, ಮೇಲೆ. ಬಾನೆಟ್ಟಿನಿಂದ ಎರಡು ಮೀಟರ್ ಎತ್ತರಕ್ಕೆ ನೀಲಿ ಟಾರ್ಪಾಲ್ ಕಟ್ಟಿ, ಇಂಜೆಕ್ಟರನ್ನು ಹಿಡಿದು ನಿಲ್ಲಿಸುವ ಸಕ್ಷನ್ ಕಪ್ಪಿನ ಚೌಕಟ್ಟು, ಅಂದರೆ ಬ್ರಿಡ್ಜ್, ಗಾಜಿಗೆ ಹಿಡಿಸಿ, ಇಂಜೆಕ್ಟರಿನ ರಬ್ಬರ್ ಬಾಯಿ ಕುಳಿಯ ಮೇಲೆ ಸರಿಯಾಗಿ ಕೂರುವಂತೆ ಬಿಗಿ ಮಾಡಲಾಯಿತು. ಮೂರು ಹನಿ ತೆಳು ರೆಸಿನ್. ಮೂರು ನಿಮಿಷ ವ್ಯಾಕ್ಯೂಮ್, ಐದು ನಿಮಿಷ ಒತ್ತಡ. ಹೊರಗಿನಿಂದ ಬಗ್ಗಿ ನೋಡಿದರೆ ದುಂಡನೆಯ ಒಡಕು ಪೂರ್ತಿ ಮಾಯವಾಗಿತ್ತು, ಎರಡು ಸೀಳು ತುಂಬಿದ್ದವು. ಉಳಿದೆರಡು ಬುಡದಲ್ಲಿ ಆರೇಳು ಮಿ.ಮೀ. ತುಂಬಿ, ಅಲ್ಲಿಂದ ಮುಂದೆ ಬೆಳ್ಳಿಗೆರೆಯಂತೆ ಮಿನುಗುತ್ತಿದ್ದವು. ಓರೆಯಿಂದ ನೋಡಿದಾಗ ಹೀಗೆ ಮಿನುಗುವುದು ಗಾಳಿ. ರೆಸಿನ್ ತುಂಬಿದ ಸೀಳು ಕಾಣುವುದೇ ಇಲ್ಲ.

ಇದು ಅಪರೂಪವಲ್ಲ. ಬಿಗಿಯಾದ ಸೀಳಿಗೆ ಎರಡು ಮೂರು ಸುತ್ತು ಬೇಕಾಗುತ್ತದೆ. ಎರಡನೇ ಸುತ್ತಿಗೆ ವ್ಯಾಕ್ಯೂಮ್ ಎಳೆಯಲು ಹೋದರೆ ಪಿಸ್ಟನ್ ಸಲೀಸಾಗಿ ಬರಲಿಲ್ಲ. ಬಲವಂತ ಮಾಡದೆ ಇಂಜೆಕ್ಟರ್ ಬಿಚ್ಚಿದರು. ಮೂತಿಯಲ್ಲಿದ್ದ ರೆಸಿನ್ ಸೂಜಿಗೆ ಅಂಟಿ ಜೇನುತುಪ್ಪದಂತೆ ನೂಲು ಬಿಟ್ಟಿತು. ಕುಳಿಯ ತಳದಲ್ಲಿದ್ದದ್ದು ಅದಕ್ಕಿಂತ ಗಟ್ಟಿ, ಸೂಜಿ ಊರಿದರೆ ತಗ್ಗು ಬೀಳುವಷ್ಟು.

“ಬಿಸಿಲೇ ಬಿದ್ದಿಲ್ವಲ್ಲ ಅಣ್ಣ. ಬಾಟ್ಲಿ ಹಳೇದಾಗಿರ್ಬೇಕು,” ಎಂದರು ಡ್ರೈವರ್.

ಕೆಲಸಗಾರ ಬಾಟಲಿ ಓರೆ ಮಾಡಿ ತೋರಿಸಿದರು. “ಇದು ನೀರಾಗೇ ಇದೆ ನೋಡಿ. ಹಳೇದಾಗಿದ್ರೆ ಇದೂ ಗಟ್ಟಿ ಆಗ್ಬೇಕಿತ್ತು.”

ಇಲ್ಲಿ ಪರೀಕ್ಷೆ ಮಾಡಬೇಕಾದ ಕ್ರಮ ಇದೇ. ಬಾಟಲಿಯಲ್ಲಿರುವುದು ತೆಳುವಾಗಿಯೇ ಇದ್ದು ಗಾಜಿಗೆ ಹಾಕಿದ್ದು ಮಾತ್ರ ದಪ್ಪವಾಗಿದ್ದರೆ ತಪ್ಪು ರೆಸಿನ್‌ನದ್ದಲ್ಲ, ಬೆಳಕಿನದು. ಎರಡೂ ದಪ್ಪವಾಗಿದ್ದರೆ ಬಾಟಲಿಯನ್ನು ಎಲ್ಲೋ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಮರೆತಿದ್ದಾರೆ ಎಂದೇ ಲೆಕ್ಕ.

ನೇರ ಬಿಸಿಲಿಲ್ಲದೆ ಹೇಗೆ ಗಟ್ಟಿಯಾಯಿತು

ಈ ರೆಸಿನ್ ಗಾಳಿಗೆ ಒಣಗುವಂಥದ್ದಲ್ಲ, ಬಿಸಿಗೆ ಬೇಯುವಂಥದ್ದೂ ಅಲ್ಲ. ಇದು ಅಕ್ರಿಲೇಟ್ ಜಾತಿಯದು. ಅದರಲ್ಲಿ ಬೆರೆಸಿರುವ ಒಂದು ರಾಸಾಯನಿಕದ ಮೇಲೆ ಯುವಿ (ಕಣ್ಣಿಗೆ ಕಾಣದ ಅತಿನೇರಳೆ) ಕಿರಣ, ಮುಖ್ಯವಾಗಿ 365 ನ್ಯಾನೊಮೀಟರ್ ಆಸುಪಾಸಿನದು, ಬಿದ್ದಾಗ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಾ ಹೋಗುತ್ತವೆ. ಹಾಕಿಕೊಂಡ ಕೊಂಡಿ ಬಿಡುವುದಿಲ್ಲ. ಅರ್ಧ ಗಟ್ಟಿಯಾದ ರೆಸಿನ್ ಮತ್ತೆ ತೆಳುವಾಗುವುದಿಲ್ಲ.

ನಡು ಹಗಲಿನ ಶುಭ್ರ ಬಿಸಿಲಿನಲ್ಲಿ ಯುವಿ-ಎ (365 ನ್ಯಾನೊಮೀಟರ್ ಸೇರುವ ಯುವಿ ಭಾಗ) ಕಿರಣ ಚದರ ಸೆಂ.ಮೀ.ಗೆ ಸುಮಾರು 5 ಮಿಲಿವ್ಯಾಟ್ ಇರುತ್ತದೆ. ಇದರಲ್ಲಿ ಅರ್ಧದ ಹತ್ತಿರ ಬರುವುದು ಸೂರ್ಯನಿಂದ ನೇರವಾಗಿ ಅಲ್ಲ, ಆಕಾಶದ ನೀಲಿಯಿಂದ ಚದುರಿ. ಕಣ್ಣಿಗೆ ಕಾಣುವ ಬೆಳಕಿಗಿಂತ ಯುವಿ ಹೆಚ್ಚು ಚದುರುತ್ತದೆ. ಹಾಗಾಗಿ ಕಣ್ಣಿಗೆ ತಂಪಾದ ನೆರಳೆನಿಸಿದರೂ ಆ ಜಾಗಕ್ಕೆ ಆಕಾಶ ಕಾಣುತ್ತಿದ್ದರೆ ಅಲ್ಲಿ ಯುವಿ ಇದೆ. ಬೊಲೆರೊದ ಗಾಜು ಬೇರೆ ಕಾರುಗಳಿಗಿಂತ ನೆಟ್ಟಗೆ ನಿಂತದ್ದು. ಅದರ ಮುಖ ಇದ್ದದ್ದು ತೆರೆದ ಕಣದ ಮೇಲಿನ ಪಶ್ಚಿಮದ ಆಕಾಶಕ್ಕೆ. ತಲೆಮೇಲೆ ಕಟ್ಟಿದ ಟಾರ್ಪಾಲು ಆ ದಿಕ್ಕಿನಿಂದ ಬರುವುದನ್ನು ತಡೆಯುವ ಪ್ರಶ್ನೆಯೇ ಇರಲಿಲ್ಲ. ಸಾಲದ್ದಕ್ಕೆ ಸಿಮೆಂಟ್ ಕಣ, ಬಿಳಿ ಬಾನೆಟ್ಟು ಎರಡೂ ಕೆಳಗಿನಿಂದ ಒಂದಷ್ಟು ಬೆಳಕನ್ನು ಮೇಲಕ್ಕೆ ಎಸೆಯುತ್ತಿದ್ದವು.

ಎಲ್ಲ ಸೇರಿ ಕುಳಿಗೆ 1 ಮಿಲಿವ್ಯಾಟ್ ಮುಟ್ಟಿತೆಂದೇ ಇಟ್ಟುಕೊಳ್ಳಿ. ಹನ್ನೆರಡು ನಿಮಿಷಕ್ಕೆ ಅದು ಚದರ ಸೆಂ.ಮೀ.ಗೆ 720 ಮಿಲಿಜೌಲ್ ಆಯಿತು. ತೆಳು ರೆಸಿನ್ ಹರಿವು ಕಳೆದುಕೊಳ್ಳಲು ಅಷ್ಟು ಧಾರಾಳ ಸಾಕು. ಲೆಕ್ಕಕ್ಕೆ ಬರುವುದು ಬೆಳಕಿನ ಜೋರು ಮಾತ್ರವಲ್ಲ, ಎಷ್ಟು ಹೊತ್ತು ಬಿತ್ತು ಎಂಬುದೂ. ಎರಡು ನಿಮಿಷದಲ್ಲಿ ತುಂಬುವ ಬರೀ ದುಂಡನೆಯ ಒಡಕನ್ನು ಇದೇ ನೆರಳಿನಲ್ಲಿ ಮಾಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. “ನಾವು ಯಾವಾಗಲೂ ಮರದ ಕೆಳಗೇ ಮಾಡೋದು, ಏನೂ ಆಗಲ್ಲ” ಎನ್ನುವವರ ಅನುಭವವೂ ಸುಳ್ಳಲ್ಲ. ಅವರಿಗೆ ಇಪ್ಪತ್ತು ನಿಮಿಷ ಹಿಡಿಯುವ ಬಿಗಿ ಸೀಳು ಸಿಕ್ಕಿಲ್ಲ ಅಷ್ಟೇ.

ಊರಿನ ಎತ್ತರವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಸಾವಿರ ಮೀಟರ್ ಮೇಲೇರಿದರೆ ಯುವಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಚಿಕ್ಕಮಗಳೂರು, ಹಾಸನ ಎರಡೂ ಸರಿಸುಮಾರು ಆ ಎತ್ತರದವು. ತಂಪು ಗಾಳಿ ಬೀಸುತ್ತಿದ್ದರೆ ಬಿಸಿಲು ಮಂದವೆನಿಸುತ್ತದೆ, ರೆಸಿನ್‌ಗೆ ಹಾಗೆನಿಸುವುದಿಲ್ಲ. ತೆಳು ಮೋಡವೂ ಯುವಿಯನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಕೊಡುತ್ತದೆ.

ಮರದ ನೆರಳಿಗೆ ಇನ್ನೊಂದು ಕೆಟ್ಟ ಗುಣವಿದೆ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆ ನಿಂತಲ್ಲಿ ನಿಲ್ಲುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆತ್ತಿಯ ಹತ್ತಿರ ಇದ್ದಾಗ, ಎರಡು ಮೀಟರ್ ಎತ್ತರದಲ್ಲಿ ಕಟ್ಟಿದ ಟಾರ್ಪಾಲಿನ ನೆರಳು ಅರ್ಧ ಗಂಟೆಯಲ್ಲಿ 26 ಸೆಂ.ಮೀ. ಸರಿಯುತ್ತದೆ. ಹತ್ತು ಮೀಟರ್ ಎತ್ತರದ ಕೊಂಬೆಯ ನೆರಳು ಒಂದೂಕಾಲು ಮೀಟರಿಗೂ ಹೆಚ್ಚು. ಬ್ರಿಡ್ಜ್ ಕೂರಿಸುವಾಗ ನೆರಳಿನಲ್ಲಿದ್ದ ಕುಳಿ, ಒತ್ತಡ ಕೊಡುವ ಹೊತ್ತಿಗೆ ಬಿಸಿಲಿನ ಚುಕ್ಕೆಯೊಳಗೆ ಇರಬಹುದು.

ಬುಡ ಮೊದಲು ಗಟ್ಟಿಯಾಗಿ ತುದಿ ಖಾಲಿ ಉಳಿದದ್ದಕ್ಕೂ ಕಾರಣವಿದೆ. ಕುಳಿಗೆ ರೆಸಿನ್ ಮೊದಲು ಬಂದು ಕೂರುತ್ತದೆ, ಅದಕ್ಕೇ ಬೆಳಕು ಹೆಚ್ಚು ಹೊತ್ತು ಸಿಗುತ್ತದೆ. ಅಲ್ಲಿ ದಪ್ಪವಾದ ಮೇಲೆ ಹಿಂದಿನಿಂದ ಎಷ್ಟು ಒತ್ತಿದರೂ ಕೂದಲೆಳೆಯಷ್ಟು ಸಂದಿಯಲ್ಲಿ ರೆಸಿನ್ ಮುಂದೆ ಹೋಗದು. ಬಿಸಿ ಗಾಜು ಇದಕ್ಕೆ ಕೈಜೋಡಿಸಿತು. ಹೊರಗಾಜು ಬಿಸಿಯಾಗಿ ಹಿಗ್ಗಿದಾಗ ಸೀಳಿನ ಎರಡೂ ಬದಿ ಒತ್ತಿಕೊಂಡು ಸಂದಿ ಇನ್ನೂ ಕಿರಿದಾಗುತ್ತದೆ. ಬಿಸಿಯಲ್ಲಿ ಗಟ್ಟಿಯಾಗುವ ಕ್ರಿಯೆಯೂ ಚುರುಕಾಗುತ್ತದೆ.

ಕೆಟ್ಟದ್ದನ್ನು ಸರಿಪಡಿಸಿದ ಬಗೆ

ತಕ್ಷಣಕ್ಕೆ ಬರುವ ಯೋಚನೆ, ಥಿನ್ನರ್ ಅಥವಾ ಅಸಿಟೋನ್ ಬಿಟ್ಟು ಕರಗಿಸೋಣ ಎಂಬುದು. ಮಾಡಬಾರದು. ಕೊಂಡಿ ಹಾಕಿಕೊಂಡ ರೆಸಿನ್ ಅದರಿಂದ ಕರಗುವುದಿಲ್ಲ. ದ್ರಾವಕ ಮಾತ್ರ ಸಂದಿಗೆ ಇಳಿದು ಪಿವಿಬಿ ಹಾಳೆಯನ್ನು ಮಸುಕಾಗಿಸುವ ಅಪಾಯವಿದೆ, ಮುಂದೆ ಹಾಕುವ ರೆಸಿನ್ ಹಿಡಿಯದಂತೆಯೂ ಮಾಡುತ್ತದೆ. ಹೊರಮೈಗೆ ಅಂಟಿದ್ದನ್ನು ಬಟ್ಟೆಯಲ್ಲಿ ಒರೆಸಿದ್ದಷ್ಟೇ.

ಅರ್ಧ ಗಟ್ಟಿಯಾದದ್ದನ್ನು ಹಾಗೇ ಬಿಟ್ಟು ಕೊರೆದರೆ ಡ್ರಿಲ್ಲಿನ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಯುವಿ ಲ್ಯಾಂಪ್ ಹಿಡಿದು ಪೂರ್ತಿ ಗಟ್ಟಿ ಮಾಡಲಾಯಿತು. ತುಂಬಿದ್ದ ಎರಡು ಸೀಳು, ದುಂಡನೆಯ ಒಡಕು ಅಲ್ಲಿಗೆ ಮುಗಿದ ಕೆಲಸವಾಯಿತು. ಖಾಲಿ ಉಳಿದ ಎರಡಕ್ಕೆ ಕುಳಿಯ ಕಡೆಯಿಂದ ದಾರಿ ಮುಚ್ಚಿಹೋಗಿತ್ತು. ಹಾಗಾಗಿ ಪ್ರತಿ ಸೀಳಿನ ಮೇಲೆ, ಕುಳಿಯಿಂದ 8 ಮಿ.ಮೀ. ಆಚೆ, ಮಿನುಗು ಶುರುವಾಗುವ ಜಾಗದಲ್ಲಿ, 1 ಮಿ.ಮೀ. ಕಾರ್ಬೈಡ್ ಬಿಟ್ಟಿನಿಂದ ಹೊಸ ಬಾಯಿ ಕೊರೆಯಬೇಕಾಯಿತು. ಆಳ ಹೆಚ್ಚೆಂದರೆ 1 ಮಿ.ಮೀ. ಐದೈದು ಸೆಕೆಂಡು ಕೊರೆದು ನಿಲ್ಲಿಸಿ, ಪುಡಿ ಊದಿ, ಮತ್ತೆ ಕೊರೆಯುವುದು. ಒಂದೇ ಸಮನೆ ಒತ್ತಿದರೆ ಆ ಚುಕ್ಕೆ ಬಿಸಿಯಾಗಿ ಸೀಳು ಓಡಬಹುದು. ಹಾಳೆಯವರೆಗೆ ಹೋದರೆ ಅಲ್ಲಿ ಬಿಳಿ ಮಚ್ಚೆ ಕಾಯಂ.

ಇದರ ಬೆಲೆ ಇಲ್ಲೇ ನೋಡಿಬಿಡಬೇಕು: ಮೊದಲೇ ಸರಿಯಾಗಿ ಮುಚ್ಚಿದ್ದರೆ ಒಂದೇ ಚುಕ್ಕೆ ಉಳಿಯುತ್ತಿದ್ದ ಜಾಗದಲ್ಲಿ ಈಗ ಮೂರು ಚುಕ್ಕೆ. ಡ್ರೈವರ್ ಕಣ್ಣೆದುರಿನ ಜಾಗವಾಗಿದ್ದರೆ ಹೀಗೆ ಎರಡು ಹೊಸ ತೂತು ಕೊರೆಯುವುದಕ್ಕಿಂತ ಗಾಜು ಬದಲಿಸುವುದೇ ಮೇಲು ಎನ್ನಬೇಕಾಗುತ್ತಿತ್ತು.

ಯಾವ ಹೊದಿಕೆ ತಡೆಯುತ್ತದೆ, ಯಾವುದು ಇಲ್ಲ

“ಗೋದಾಮಿನೊಳಗೆ ಹಾಕ್ಬಿಡೋಣ ಸಾರ್” ಎಂದು ಡ್ರೈವರ್ ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿದ್ದುಂಟು. ಒಳಗೆ ಕಾಫಿ ಮೂಟೆ ಅಟ್ಟಿ ಹಾಕಿದ್ದರಿಂದ ಗಾಡಿ ನುಗ್ಗುವಂತಿರಲಿಲ್ಲ. ನುಗ್ಗುವಂತಿದ್ದರೆ ಅದೇ ಸರಿಯಾದ ಉತ್ತರ. ಹೊರಗೆ ಹೊದಿಕೆ ಕಟ್ಟುವ ಕಷ್ಟ ಯಾಕೆ? ಆದರೆ ಒಂದು ಕಡೆ ಪೂರ್ತಿ ತೆರೆದ ಶೆಡ್ಡಿಗೆ ಗಾಡಿಯನ್ನು ಹಿಮ್ಮುಖವಾಗಿ ನುಗ್ಗಿಸಿ, ಮುಂದಿನ ಗಾಜನ್ನು ಬಾಗಿಲ ಕಡೆಗೇ ಇಟ್ಟರೆ ಅದು ಈ ಮರದ ನೆರಳಿಗಿಂತ ದೊಡ್ಡ ಸುಧಾರಣೆಯೇನಲ್ಲ.

ತೋಟದಲ್ಲಿ ಸಿಕ್ಕ ಹೊದಿಕೆಗಳನ್ನೆಲ್ಲ ಒಂದು ಸುಲಭ ಪರೀಕ್ಷೆಗೆ ಹಚ್ಚಲಾಯಿತು. 365 ನ್ಯಾನೊಮೀಟರಿನ ಯುವಿ ಟಾರ್ಚು, ಒಂದು 500ರ ನೋಟು. ನಮ್ಮ ನೋಟುಗಳ ನಂಬರು ಮತ್ತು ಕಾಗದದಲ್ಲಿ ಸೇರಿಸಿರುವ ಸಣ್ಣ ನೂಲೆಳೆಗಳು ಯುವಿ ಬಿದ್ದರೆ ಹೊಳೆಯುತ್ತವೆ. ಟಾರ್ಚಿಗೂ ನೋಟಿಗೂ ನಡುವೆ ಹೊದಿಕೆ ಹಿಡಿಯಿರಿ. ಹೊಳಪು ಪೂರ್ತಿ ಆರಿದರೆ ಹೊದಿಕೆ ಯುವಿ ತಡೆಯುತ್ತಿದೆ. ಮಂಕಾಗಿಯಾದರೂ ಕಂಡರೆ ಸೋರುತ್ತಿದೆ. ಕತ್ತಲೆ ಕೋಣೆಯಲ್ಲಿ ಮಾಡಬೇಕು, ಟಾರ್ಚಿನ ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬಾರದು.

ನರ್ಸರಿಯ ಹಸಿರು ಶೇಡ್ ನೆಟ್ ಸೋತಿತು. ಸೋಲಲೇಬೇಕು, ಶೇ. 50 ಅಥವಾ 75 ನೆರಳು ಕೊಡಲೆಂದೇ ಅದನ್ನು ನೇಯ್ದಿರುವುದು. ಉಳಿದದ್ದು ತೂತಿನಿಂದ ಬರುತ್ತದೆ. ಬೆಳಗ್ಗೆ ಕಟ್ಟಿದ್ದ, ಬಳಸಿ ತೆಳುವಾಗಿದ್ದ ನೀಲಿ ಟಾರ್ಪಾಲಿನಲ್ಲಿ ನೋಟಿನ ನಂಬರು ಮಂಕಾಗಿ ಕಂಡಿತು, ಮಡಚಿ ಎರಡು ಪದರ ಮಾಡಿದಾಗ ಆರಿತು. ಕಪ್ಪು ದಪ್ಪ ಪ್ಲಾಸ್ಟಿಕ್ ಹಾಳೆ, ರಟ್ಟು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮೂರೂ ಪೂರ್ತಿ ತಡೆದವು. ಬಿಳಿ ಬೆಡ್‌ಶೀಟು, ತೆಳು ಲುಂಗಿ ಲೆಕ್ಕಕ್ಕಿಲ್ಲ. ಅಂಬರ್ ಬಣ್ಣದ ಯುವಿ ಫಿಲ್ಮ್ ಸಿಕ್ಕರೆ ಎಲ್ಲಕ್ಕಿಂತ ಅನುಕೂಲ, ಒಳಗಿನದು ಕಾಣುತ್ತಲೇ ಯುವಿ ನಿಲ್ಲುತ್ತದೆ. ಗಿಫ್ಟ್ ಪ್ಯಾಕಿನ ಕಿತ್ತಳೆ ಬಣ್ಣದ ಕಾಗದವನ್ನು ಅದರ ಬದಲಿಗೆ ಬಳಸುವ ಮೊದಲು ನೋಟಿನ ಪರೀಕ್ಷೆ ಮಾಡಿ. ಬಣ್ಣ ನೋಡಿ ನಂಬಬಾರದು.

ಇನ್ನೊಂದು ಪರೀಕ್ಷೆ ಹೊದಿಕೆ ಕಟ್ಟಿ ಮುಗಿದ ಮೇಲಿನದು, ಹೆಚ್ಚು ನಂಬಿಕೆಯದು. ಒಡೆದ ಮೊಬೈಲ್ ಸ್ಕ್ರೀನ್‌ಗಾರ್ಡಿನ ಒಂದು ಗಾಜಿನ ಚೂರಿನ ಮೇಲೆ ಒಂದು ಹನಿ ರೆಸಿನ್ ಬಿಟ್ಟು, ಗಟ್ಟಿ ಮಾಡುವಾಗ ಕುಳಿಯ ಮೇಲೆ ಹಾಕುವ ಪಾರದರ್ಶಕ ಹಾಳೆ, ಅಂದರೆ ಕ್ಯೂರಿಂಗ್ ಫಿಲ್ಮ್, ಮುಚ್ಚಿ, ಕುಳಿಯ ಪಕ್ಕದಲ್ಲೇ ಹೊದಿಕೆಯೊಳಗೆ 20 ನಿಮಿಷ ಇಡುವುದು. ಆಮೇಲೆ ಫಿಲ್ಮನ್ನು ಬೆರಳಿನಿಂದ ಸರಿಸಿದರೆ ಜಾರಬೇಕು. ಫಿಲ್ಮ್ ಮುಚ್ಚದೆ ಬಿಟ್ಟರೆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಗಾಳಿಯ ಆಮ್ಲಜನಕ ಮೇಲ್ಮೈಯ ರೆಸಿನ್ ಗಟ್ಟಿಯಾಗದಂತೆ ತಡೆಯುವುದರಿಂದ ಕೆಳಗೆ ಗಟ್ಟಿಯಾಗಿದ್ದರೂ ಮೇಲೆ ಒದ್ದೆಯಾಗಿಯೇ ಇರುತ್ತದೆ. ಗಾಜಿನೊಳಗಿನ ಸೀಳಿಗೆ ಆ ಗಾಳಿಯ ರಕ್ಷಣೆ ಇಲ್ಲ.

ಎರಡನೇ ಪ್ರಯತ್ನ

ಸಂಜೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಶುರು. ಅದಕ್ಕೆ ಮೊದಲೇ ಗಾಡಿಯ ಜಾಗ ಬದಲಿಸಿ, ಗೋದಾಮಿನ ಪೂರ್ವದ ಗೋಡೆಗೆ ಒಂದೂವರೆ ಮೀಟರ್ ದೂರದಲ್ಲಿ ಮೂತಿ ಬರುವಂತೆ ನಿಲ್ಲಿಸಲಾಗಿತ್ತು. ಇಷ್ಟರಿಂದಲೇ ಪಶ್ಚಿಮದ ಆಕಾಶ ಗೋಡೆಯ ಹಿಂದೆ ಹೋಯಿತು. ಖರ್ಚಿಲ್ಲದ, ಆದರೆ ಯಾರೂ ಯೋಚಿಸದ ಹೆಜ್ಜೆ ಇದು. ಬಾಗಿಲುಗಳನ್ನು ತೆರೆದಿಟ್ಟು ಮುಕ್ಕಾಲು ಗಂಟೆ ಬಿಟ್ಟಾಗ ಗಾಜಿನ ಮೈ 29 ಡಿಗ್ರಿಗೆ ಇಳಿಯಿತು. 20ರಿಂದ 30ರ ನಡುವೆ ಇದ್ದರೆ ಒಳ್ಳೆಯದು. ಬೇಗ ತಣಿಯಲಿ ಎಂದು ನೀರು ಎರಚುವುದು, ಎಸಿಯನ್ನು ಜೋರಾಗಿ ಗಾಜಿಗೆ ತಿರುಗಿಸುವುದು ಎರಡೂ ಸೀಳನ್ನು ಓಡಿಸುವ ದಾರಿಗಳು.

ಹೊದಿಕೆ ಎರಡು ಹಂತದ್ದು. ದೊಡ್ಡದು: ಮಡಚಿ ಎರಡು ಪದರ ಮಾಡಿದ ಟಾರ್ಪಾಲನ್ನು ಗಾಡಿಯ ತಲೆಯಿಂದ ಬಾನೆಟ್ಟಿನ ತುದಿಯವರೆಗೆ ಇಳಿಬಿಟ್ಟು, ಎರಡೂ ಪಕ್ಕ ಬಾಗಿಲಿನ ಸಂದಿಗೆ ಸಿಕ್ಕಿಸಿದ್ದು. ಬಾನೆಟ್ಟಿನ ಮೇಲೆ ಕಪ್ಪು ಕಂಬಳಿ ಹಾಸಿದ್ದರಿಂದ ಬಿಳಿ ಬಣ್ಣದ ಪ್ರತಿಫಲನ ನಿಂತಿತು. ಕೆಲಸ ಮಾಡುವ ಕಡೆ ಟಾರ್ಪಾಲಿನ ಅಂಚನ್ನು ಒಂದು ಗೇಣು ಎತ್ತಿಟ್ಟದ್ದು ಬೇಕೆಂತಲೇ. ಪೂರ್ತಿ ಮುಚ್ಚಿದರೆ ಒಳಗೆ ಸೆಕೆ ಕಟ್ಟಿ ಗಾಜು ಮತ್ತೆ ಬಿಸಿಯೇರುತ್ತದೆ. ಕತ್ತಲು ಬೇಕು, ಗಾಳಿಯೂ ಬೇಕು. ಎರಡನ್ನೂ ಒಂದೇ ಹೊದಿಕೆಯಿಂದ ಪಡೆಯಲಾಗದು. ಅದಕ್ಕೇ ಎರಡನೇ, ಸಣ್ಣ ಹೊದಿಕೆ.

ಕೆಲಸ ಗೆಲ್ಲಿಸಿದ್ದು ಈ ಸಣ್ಣದೇ ಎಂದರೂ ತಪ್ಪಿಲ್ಲ. 15 ಸೆಂ.ಮೀ. ಚೌಕದ ರಟ್ಟು, ಮೇಲ್ಮುಖಕ್ಕೆ ಫಾಯಿಲ್, ಗಾಜಿನ ಕಡೆಗೆ ಕಪ್ಪು ಬಟ್ಟೆ. ಎರಡೂ ಕಡೆ ಫಾಯಿಲ್ ಇದ್ದರೆ ಪಕ್ಕದಿಂದ ನುಸುಳಿದ ಬೆಳಕು ಗಾಜಿಗೂ ರಟ್ಟಿಗೂ ನಡುವೆ ಪುಟಿಯುತ್ತಾ ಕುಳಿಗೆ ಬರುತ್ತದೆ, ಕಪ್ಪು ಬಟ್ಟೆ ಅದನ್ನು ನುಂಗುತ್ತದೆ. ನಡುವೆ ಇಂಜೆಕ್ಟರಿನ ದಪ್ಪಕ್ಕಿಂತ 2 ಮಿ.ಮೀ. ದೊಡ್ಡ ತೂತು, ಒಂದು ಬದಿಯಿಂದ ತೂತಿನವರೆಗೆ ಸೀಳು. ಆ ಸೀಳಿನಿಂದ ಇಂಜೆಕ್ಟರಿನ ಸುತ್ತ ತೂರಿಸಿ, ಅಂಚನ್ನು ಮಾಸ್ಕಿಂಗ್ ಟೇಪಿನಿಂದ ಗಾಜಿಗೆ ಅಂಟಿಸಿ, ಸೀಳಿನ ಮೇಲೂ ಒಂದು ಟೇಪ್. ರಟ್ಟು ಬ್ರಿಡ್ಜಿಗಾಗಲಿ ಸಕ್ಷನ್ ಕಪ್ಪಿಗಾಗಲಿ ತಾಗಿ ಒತ್ತಬಾರದು. ರಬ್ಬರ್ ಬಾಯಿ ಕೂದಲಷ್ಟು ಸರಿದರೂ ವ್ಯಾಕ್ಯೂಮ್ ಸೋರುತ್ತದೆ. ಬಳಸಿದ ಇಂಜೆಕ್ಟರಿನ ಕೊಳವೆ ಪಾರದರ್ಶಕ ಪ್ಲಾಸ್ಟಿಕ್ಕಿನದು. ಅದರ ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಎರಡು ಸುತ್ತು. ಕುಳಿಯನ್ನು ಮುಚ್ಚಿ ಕೊಳವೆಯನ್ನು ಬಿಟ್ಟರೆ ರೆಸಿನ್ ಮೇಲಿನಿಂದ ದಪ್ಪವಾಗುತ್ತಾ ಬರುತ್ತದೆ.

ಕ್ಯಾಬಿನ್ನಿನ ಒಳಗಡೆ ಏನೂ ಮುಚ್ಚಲಿಲ್ಲ. ಒಳಗಿನಿಂದ ಬರುವ ಬೆಳಕು ಪಿವಿಬಿ ಹಾಳೆ ದಾಟಿಯೇ ಹೊರಗಾಜಿಗೆ ಬರಬೇಕು, ಆ ಹಾಳೆ 365 ನ್ಯಾನೊಮೀಟರಿನ ಸುತ್ತಲಿನ ಯುವಿಯನ್ನು ಬಹುಪಾಲು ಹೀರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಸನ್‌ಶೇಡ್ ಇಟ್ಟು “ಮುಚ್ಚಿದ್ದೀವಲ್ಲ” ಎನ್ನುವವರು ಈ ಲೆಕ್ಕವನ್ನು ತಲೆಕೆಳಗೆ ಹಿಡಿದಿರುತ್ತಾರೆ. ಸನ್‌ಶೇಡ್ ಗಾಜಿನ ಬಿಸಿ ತಗ್ಗಿಸಲು ನೆರವಾಗಬಹುದು, ರೆಸಿನ್ ಕಾಯಲು ಅಲ್ಲ. ಒಂದು ಎಚ್ಚರ: ಕೆಲವು ರೆಸಿನ್‌ಗಳು 395–405 ನ್ಯಾನೊಮೀಟರಿನ ನೇರಳೆ ಬೆಳಕಿಗೂ ಗಟ್ಟಿಯಾಗುತ್ತವೆ. ಜೊತೆಗೆ ಬರುವ ಲ್ಯಾಂಪಿನ ಮೇಲೆ ಆ ಸಂಖ್ಯೆ ಇದ್ದರೆ ಒಳಗಡೆಯೂ ಕಪ್ಪು ಬಟ್ಟೆ ಬೇಕು, ಹಾಳೆ ಅದನ್ನು ತಡೆಯದು.

ಹಾಳೆಯ ಇದೇ ಗುಣದಿಂದ ಇನ್ನೊಂದು ಲಾಭ. ರೆಸಿನ್ ಎಲ್ಲಿಯವರೆಗೆ ಹೋಯಿತೆಂದು ನೋಡಲು ಹೊರಗಿನ ರಟ್ಟು ಎತ್ತಬೇಕಾಗಿಯೇ ಇಲ್ಲ. ಡ್ರೈವರ್ ಒಳಗೆ ಕೂತು ಸಾಧಾರಣ ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದರು. ರಟ್ಟಿನ ಕೆಳಗಿನ ಕಪ್ಪು ಬಟ್ಟೆಯೇ ಹಿನ್ನೆಲೆಯಾಗಿ, ಗಾಳಿ ಇದ್ದ ಸೀಳು ಗೆರೆ ಎಳೆದಂತೆ ಕಾಣುತ್ತಿತ್ತು. ಬೆಳಗ್ಗೆ ಹೊರಗಿನಿಂದ ಬಗ್ಗಿ ಬಗ್ಗಿ ನೋಡಿದ್ದಕ್ಕಿಂತ ಸ್ಪಷ್ಟವಾಗಿ.

ಹೊಸದಾಗಿ ಕೊರೆದ ಒಂದೊಂದು ತೂತಿಗೂ ಬೇರೆ ಬೇರೆಯಾಗಿ ಇಂಜೆಕ್ಟರ್ ಕೂರಿಸಬೇಕಾಯಿತು. ಬಾಟಲಿ ತೆರೆದದ್ದು ಟಾರ್ಪಾಲಿನೊಳಗೇ. ಎರಡೆರಡು ಹನಿ ರೆಸಿನ್. ವ್ಯಾಕ್ಯೂಮ್ ನಾಲ್ಕು ನಿಮಿಷ, ಒತ್ತಡ ಆರು ನಿಮಿಷ, ಮತ್ತೆ ಅದೇ. ಮೊದಲ ಸೀಳು ಎರಡನೇ ಸುತ್ತಿಗೆ ತುಂಬಿತು. ಉದ್ದದ್ದು, 22 ಮಿ.ಮೀ.ಯದು, ತುದಿಯ 3 ಮಿ.ಮೀ. ಬಿಟ್ಟುಕೊಡಲಿಲ್ಲ. ಒಳಗಿನಿಂದ ಹೆಬ್ಬೆರಳಿನಿಂದ ಆ ಜಾಗವನ್ನು ಮೆಲ್ಲಗೆ ಒತ್ತಿ ಬಿಟ್ಟು ಮಾಡಿದಾಗ ಸಂದಿ ತುಸು ಬಿಚ್ಚಿಕೊಂಡು ಮಿನುಗು ತುದಿಯತ್ತ ಸರಿದು ಹೋಯಿತು. ಎರಡೂ ಸೇರಿ ರೆಸಿನ್ ಗಾಜಿನಲ್ಲಿದ್ದದ್ದು ಐವತ್ತು ನಿಮಿಷದ ಹತ್ತಿರ. ಕೊನೆಯಲ್ಲಿ ಇಂಜೆಕ್ಟರ್ ಬಿಚ್ಚಿದಾಗ ಪಿಸ್ಟನ್ ಸಲೀಸಾಗಿ ಬಂತು, ಮೂತಿಯ ಹನಿ ತೆಳುವಾಗಿ ಜಾರಿತು.

ಗಟ್ಟಿ ಮಾಡುವುದು

ಹೊದಿಕೆಯನ್ನು ಈಗಲೂ ತೆಗೆಯಬಾರದು. ಇಂಜೆಕ್ಟರ್ ಬಿಚ್ಚಿದೊಡನೆ ಮೂರೂ ಬಾಯಿಗೆ ಕುಳಿ ಮುಚ್ಚುವ ದಪ್ಪ ರೆಸಿನ್ (ಪಿಟ್ ರೆಸಿನ್) ಒಂದೊಂದು ಹನಿ ಬಿಟ್ಟು, ಗುಳ್ಳೆ ನಿಲ್ಲದಂತೆ ಒಂದು ಅಂಚಿನಿಂದ ಕ್ಯೂರಿಂಗ್ ಫಿಲ್ಮ್ ಇಳಿಸಿ, ಆಮೇಲೆ ಲ್ಯಾಂಪ್. ಎಲ್‌ಇಡಿ ಲ್ಯಾಂಪಿಗೆ ಎರಡು ಮೂರು ನಿಮಿಷ, ಹಳೆಯ ಟ್ಯೂಬ್ ಮಾದರಿಯದಕ್ಕೆ ಹತ್ತು ನಿಮಿಷ ಎಂಬುದು ಸಾಮಾನ್ಯ ಲೆಕ್ಕ. ರೆಸಿನ್ ಬಾಟಲಿಯ ಮೇಲೆ ಬರೆದದ್ದೇ ಕೊನೆಯ ಮಾತು. ಗಟ್ಟಿಯಾದ ಮೇಲೆ ಫಿಲ್ಮ್ ಕಿತ್ತು, ಹೊಸ ಬ್ಲೇಡನ್ನು ಗಾಜಿಗೆ ನೆಟ್ಟಗೆ ಹಿಡಿದು ಉಬ್ಬಿದ್ದನ್ನು ಕೆರೆದು, ಪಾಲಿಶ್ ಹಚ್ಚಿ ಉಜ್ಜಿದರೆ ಮುಗಿಯಿತು. ಬ್ಲೇಡನ್ನು ಓರೆ ಹಿಡಿದರೆ ಕುಳಿಯ ರೆಸಿನ್ ಕಿತ್ತು ಬರುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ; ಅಕ್ರಿಲೇಟ್ ಮತ್ತೆ ಮತ್ತೆ ತಾಗಿದರೆ ಕೆಲವರಿಗೆ ಕಾಯಂ ಚರ್ಮದ ಅಲರ್ಜಿ ಬರುತ್ತದೆ.

ಆನ್‌ಲೈನಿನಲ್ಲಿ ಸಿಗುವ ಸಿರಿಂಜ್ ಕಿಟ್‌ಗಳಲ್ಲಿ ಲ್ಯಾಂಪ್ ಇಲ್ಲದೆ “ಬಿಸಿಲಿನಲ್ಲಿ ಗಟ್ಟಿ ಮಾಡಿ” ಎಂದು ಬರೆದಿರುತ್ತದೆ. ಬಿಸಿಲಿನಿಂದ ಗಟ್ಟಿ ಮಾಡುವುದರಲ್ಲಿ ತಪ್ಪಿಲ್ಲ, ಹೊಂಬಿಸಿಲಿನಲ್ಲಿ 15–20 ನಿಮಿಷ ಬೇಕಾಗುತ್ತದೆ. ಆದರೆ ಜನ ಆ ಸಾಲು ಓದಿ ಮೊದಲಿನಿಂದಲೇ ಗಾಡಿಯನ್ನು ಬಿಸಿಲಿಗೆ ನಿಲ್ಲಿಸುತ್ತಾರೆ. ರೆಸಿನ್ ತುಂಬಿ ಮುಗಿಯುವ ತನಕ ಕತ್ತಲು, ಫಿಲ್ಮ್ ಅಂಟಿಸಿದ ಮೇಲಷ್ಟೇ ಬಿಸಿಲು.

ಫಲಿತಾಂಶ

ಬೆಳಗ್ಗೆಯೇ ತುಂಬಿದ್ದ ಎರಡು ಸೀಳು ಕಾಣುವುದಿಲ್ಲ. ಸಂಜೆ ತುಂಬಿದ ಎರಡರಲ್ಲಿ, ಹಳೆಯ ರೆಸಿನ್ ಹೊಸದಕ್ಕೆ ಕೂಡುವ ಜಾಗದಲ್ಲಿ ತೆಳುವಾದ ಅಡ್ಡಗೆರೆ ಉಳಿದಿದೆ. ಉದ್ದದ ಸೀಳಿನ ತುದಿ, ಸಂಜೆಯ ಓರೆ ಬೆಳಕಿನಲ್ಲಿ ಹುಡುಕಿದರೆ ಕಾಣುತ್ತದೆ. ಮೂರು ಚುಕ್ಕೆಗಳಂತೂ ಇದ್ದೇ ಇವೆ. ಗಾಜಿನ ಬಲದ ದೃಷ್ಟಿಯಿಂದ ಕೆಲಸ ಪಾಸು, ಅಂದದ ದೃಷ್ಟಿಯಿಂದ ಸಾಧಾರಣ. ಸೀಳುಗಳ ತುದಿಗೆ ಒಳಗಡೆಯಿಂದ ಗ್ಲಾಸ್ ಮಾರ್ಕರಿನಲ್ಲಿ ಗುರುತು ಹಾಕಿ ತಾರೀಖು ಬರೆಯಲಾಯಿತು. ಹಗಲು ಬಿಸಿ, ರಾತ್ರಿ ತಂಪು ಇರುವ ಈ ತಿಂಗಳುಗಳಲ್ಲಿ ಸೀಳು ಗುರುತು ದಾಟಿದರೆ ಮತ್ತೆ ರೆಸಿನ್ ಹಾಕುವುದರಲ್ಲಿ ಅರ್ಥವಿಲ್ಲ, ಗಾಜು ಬದಲಿಸಬೇಕು.

ಇದಾದ ಮೇಲೆ ರೈಟರು ಕೇಳಿದ್ದು, ಗಾಜಿಗೆ ಯುವಿ ತಡೆಯುವ ಸನ್‌ಫಿಲ್ಮ್ ಹಾಕಿಸಿಬಿಟ್ಟರೆ ಹೇಗೆ ಎಂದು. ರಿಪೇರಿಗೆ ಅದರಿಂದ ಉಪಯೋಗವಿಲ್ಲ. ಫಿಲ್ಮ್ ಅಂಟುವುದು ಒಳಮೈಗೆ, ಏಟು ಬೀಳುವುದು ಹೊರಮೈಗೆ. ಮುಂದಿನ ಗಾಜು ಕನಿಷ್ಠ ಶೇ. 70 ಬೆಳಕು ಬಿಡಬೇಕೆಂಬ ಕೇಂದ್ರ ಮೋಟಾರು ವಾಹನ ನಿಯಮ 100 ಬೇರೆ ಇದೆ.

ಬೊಲೆರೊ ಬಿಟ್ಟು ಗಾಜು ಹೆಚ್ಚು ಮಲಗಿರುವ ಕಾರುಗಳಲ್ಲಿ ಇದೇ ಕೆಲಸ ಮಾಡುವಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅವುಗಳ ಗಾಜಿಗೆ ಎದುರಿನ ಆಕಾಶಕ್ಕಿಂತ ತಲೆಮೇಲಿನ ಆಕಾಶ ಹೆಚ್ಚು ಕಾಣುವುದರಿಂದ ಗೋಡೆಗೆ ಮೂತಿ ಮಾಡಿ ನಿಲ್ಲಿಸಿದ್ದರ ಫಲ ಕಡಿಮೆ, ಮೇಲಿನ ಟಾರ್ಪಾಲಿನ ಫಲ ಹೆಚ್ಚು. ಸಣ್ಣ ರಟ್ಟು ಮಾತ್ರ ಎರಡಕ್ಕೂ ಬೇಕು. ಬ್ರಿಡ್ಜಿನ ಅಳತೆಗೆ ಒಮ್ಮೆ ಕತ್ತರಿಸಿದ್ದನ್ನು ಕಿಟ್ ಡಬ್ಬಿಯಲ್ಲೇ ಇಟ್ಟುಕೊಳ್ಳಬಹುದು. ಫಾಯಿಲ್ ಹರಿದಾಗ ಬದಲಿಸಿದರಾಯಿತು.